ಕೆರೆ ಮತ್ತು ಅಳಿವೆಯ ಆರೋಗ್ಯವನ್ನು ನಾವೇ ಅಳೆಯುವುದು ಹೇಗೆ?

2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಇಂಥ ಸುದ್ದಿ ಬಂದಾಗೆಲ್ಲ ಜನ ಕೇಳುವ ಮೊದಲ ಪ್ರಶ್ನೆ, ಯಾರಾದರೂ ವಿಷ ಹಾಕಿದರಾ ಅಂತ. ಹೆಚ್ಚಿನ ಕೆರೆಗಳಲ್ಲಿ ಮೀನು ಸಾಯುವುದು ಉಸಿರು ಸಿಗದೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಮುಗಿದುಹೋಗಿರುತ್ತದೆ, ಅದೂ ಬೆಳಗಿನ ಜಾವ. ಹನ್ನೊಂದು ಗಂಟೆಗೆ ಯಾರೋ ಬಂದು ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋಗುವಷ್ಟರಲ್ಲಿ ಬಿಸಿಲು ಬಿದ್ದು, ಪಾಚಿ ಮತ್ತೆ ಆಮ್ಲಜನಕ ಬಿಟ್ಟಿರುತ್ತದೆ. ರಿಪೋರ್ಟ್‌ನಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು.

ಹಾಗಾಗಿ ಇಲ್ಲಿ ಉಪಕರಣಕ್ಕಿಂತ ಹೊತ್ತಿನ ಬಗ್ಗೆ ಜಾಸ್ತಿ ಹೇಳುತ್ತೇನೆ. ನೀರನ್ನು ಅದರ ಅತಿ ಕೆಟ್ಟ ಗಳಿಗೆಯಲ್ಲಿ ನೋಡಬೇಕು. ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ, ವರ್ಷವಿಡೀ ನೋಡಬೇಕು. ನಾಲ್ಕೈದು ಜನ ಸೇರಿದರೆ ಸಾಕು. ಬಡಾವಣೆಯವರು, ಶಾಲೆಯ ಮಕ್ಕಳು, ಮೀನುಗಾರರು, ಯಾರು ಬೇಕಾದರೂ ಮಾಡಬಹುದು. ಸಿಹಿನೀರಿಗೆ ಬೆಂಗಳೂರಿನ ಕಡೆಯ ಕೆರೆಗಳನ್ನೂ ಉಪ್ಪುನೀರಿಗೆ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯನ್ನೂ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಹೆಜ್ಜೆ 1: ಮೊದಲು ಸುತ್ತಾಡಿ

ಏನನ್ನೂ ಕೊಳ್ಳುವ ಮುಂಚೆ ಕೆರೆಯನ್ನು ಪೂರ್ತಿ ಒಂದು ಸುತ್ತು ಹಾಕಿ. ರಾಜಕಾಲುವೆ ಎಲ್ಲಿ ಸೇರುತ್ತದೆ, ತೂಬು ಎಲ್ಲಿದೆ, ಕೋಡಿ ಎಲ್ಲಿ ಬೀಳುತ್ತದೆ, ಗಣೇಶನನ್ನು ಎಲ್ಲಿ ಬಿಡುತ್ತಾರೆ, ದನ ಎಲ್ಲಿ ಇಳಿಯುತ್ತವೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಗುರುತು ಮಾಡಿ. ಮಳೆಯಿಲ್ಲದ ದಿನವೂ ಹರಿಯುವ ಕಾಲುವೆ ಇದ್ದರೆ ಅದಕ್ಕೆ ಕೆಂಪು ಗುರುತು ಹಾಕಿ. ಬೇಸಿಗೆಯಲ್ಲೂ ನೀರು ಬರುತ್ತಿದೆ ಎಂದರೆ ಅದು ಎಲ್ಲಿಯ ನೀರು ಅಂತ ಹುಡುಕಲೇಬೇಕು.

ಆಮೇಲೆ ಮೂರು ಜಾಗ ಆರಿಸಿ: ನೀರು ಒಳಬರುವಲ್ಲಿ, ಆಳವಿರುವಲ್ಲಿ, ಹೊರಹೋಗುವಲ್ಲಿ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಮೊದಲು ಜೊಂಡು ಬೆಳೆದ ಜೌಗಿನೊಳಗೆ ಹರಿದು, ಅಲ್ಲಿಂದ ಕೆರೆ ಸೇರುವಂತೆ ಮಾಡಿದ್ದಾರೆ. ಅಂಥ ವ್ಯವಸ್ಥೆ ನಿಮ್ಮಲ್ಲೂ ಇದ್ದರೆ ಜೌಗಿನ ಮುಂಚೆ ಒಂದು, ಆಮೇಲೆ ಒಂದು ಜಾಗ ಸೇರಿಸಿ. ಜೌಗು ಕೆಲಸ ಮಾಡುತ್ತಿದೆಯೋ ಇಲ್ಲವೋ ಆ ಎರಡು ಅಂಕಿಗಳ ವ್ಯತ್ಯಾಸದಲ್ಲೇ ಗೊತ್ತಾಗುತ್ತದೆ. ಪ್ರತಿ ಜಾಗಕ್ಕೂ ಮೊಬೈಲ್‌ನಲ್ಲಿ ಲೊಕೇಶನ್ ಹಾಕಿ, ಒಂದೇ ಕೋನದಿಂದ ಫೋಟೋ ತೆಗೆಯಿರಿ. ಮುಂದಿನ ಸಲ ಬೇರೆಯವರು ಹೋದರೂ ಅದೇ ಕಲ್ಲಿನ ಮೇಲೆ ನಿಲ್ಲುವಂತಿರಬೇಕು.

ಹೆಜ್ಜೆ 2: ಸಾಮಾನು

ಥರ್ಮಾಮೀಟರ್, ನೀರು ಹುಳಿಯೋ ಕ್ಷಾರವೋ ಎಂದು ತೋರಿಸುವ ಪಿಎಚ್ ಪೆನ್, ಕರಗಿದ ಲವಣ ಅಂದಾಜಿಸುವ ಇಸಿ ಅಥವಾ ಟಿಡಿಎಸ್ ಪೆನ್, ಕರಗಿದ ಆಮ್ಲಜನಕ ಅಳೆಯುವ ಹನಿ ಕಿಟ್ (ಡಿಒ ಕಿಟ್), ಅಮೋನಿಯಾ ಕಿಟ್, ಬಿಳಿ ಟ್ರೇ, ಉದ್ದ ಹಿಡಿಯ ಜಾಲರಿ, ರಬ್ಬರ್ ಕೈಗವಸು, ಪೆನ್ಸಿಲ್. ಪೆನ್ನಿನಲ್ಲಿ ಬರೆದದ್ದು ಒದ್ದೆಯಾದರೆ ಅಳಿಸಿಹೋಗುತ್ತದೆ, ಪೆನ್ಸಿಲೇ ಇರಲಿ. ಉಪ್ಪುನೀರಿಗೆ ಇದರ ಜೊತೆ ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರ್ ಬೇಕು.

ಒಂದು ಸಾಧನ ಮಾತ್ರ ಮನೆಯಲ್ಲೇ ಮಾಡಿಕೊಳ್ಳಿ, ಸೆಕ್ಕಿ ತಟ್ಟೆ. ಇಟಲಿಯ ಆಂಜೆಲೊ ಸೆಕ್ಕಿ ಎಂಬ ಪಾದ್ರಿ 1865ರಲ್ಲಿ ಸಮುದ್ರದ ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು ಬಳಸಿದ್ದು ಇಂಥದ್ದೇ ತಟ್ಟೆ. 20 ಸೆಂ.ಮೀ. ಅಗಲದ ಗಟ್ಟಿ ಪ್ಲಾಸ್ಟಿಕ್ ತಟ್ಟೆ ತೆಗೆದುಕೊಂಡು ನಾಲ್ಕು ಭಾಗ ಮಾಡಿ, ಎದುರುಬದುರು ಭಾಗಗಳಿಗೆ ಕಪ್ಪು, ಬಿಳಿ ಬಣ್ಣ ಬಳಿಯಿರಿ. ಕೆಳಗೆ ಭಾರ ಕಟ್ಟಿ, ಹಗ್ಗಕ್ಕೆ ಹತ್ತು ಸೆಂ.ಮೀ.ಗೊಂದು ಗುರುತು ಹಾಕಿ. ನೆರಳಿರುವ ಬದಿಯಿಂದ ನೀರಿಗೆ ಇಳಿಸಿ. ಎಲ್ಲಿ ಕಣ್ಮರೆಯಾಯಿತು, ಮೇಲೆಳೆಯುವಾಗ ಎಲ್ಲಿ ಮತ್ತೆ ಕಂಡಿತು, ಎರಡನ್ನೂ ಬರೆದು ಸರಾಸರಿ ತೆಗೆಯಿರಿ.

ಪಿಎಚ್ ಪೆನ್ನನ್ನು ಪ್ರತಿ ಸಲವೂ ಬಫರ್ ದ್ರಾವಣದಲ್ಲಿ (ಪಿಎಚ್ ಎಷ್ಟೆಂದು ಮೊದಲೇ ಗೊತ್ತಿರುವ ದ್ರಾವಣ) ಅದ್ದಿ ಸರಿಹೊಂದಿಸಬೇಕು. ಪೆನ್ ಜೊತೆಗೇ ಸಣ್ಣ ಪೊಟ್ಟಣಗಳು ಬರುತ್ತವೆ, ಅದನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಸಿಕೊಂಡರಾಯಿತು. ಇದನ್ನು ಬಿಟ್ಟರೆ ಎರಡು ತಿಂಗಳಲ್ಲಿ ಪೆನ್ ತನ್ನಿಷ್ಟದ ಅಂಕಿ ತೋರಿಸಲು ಶುರುಮಾಡುತ್ತದೆ.

ಹೆಜ್ಜೆ 3: ಸೂರ್ಯ ಹುಟ್ಟುವ ಮುಂಚೆ ಹೋಗಿ

ಹಗಲಿನಲ್ಲಿ ಪಾಚಿ ಮತ್ತು ನೀರಿನ ಗಿಡಗಳು ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಉಸಿರಾಡುತ್ತವೆ. ಮೀನು, ಹುಳು, ಹೂಳಿನಲ್ಲಿರುವ ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಇರುವುದನ್ನು ಬಳಸುತ್ತವೆ. ಹಾಗಾಗಿ ಕರಗಿದ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ, ಅತಿ ಜಾಸ್ತಿ ಇರುವುದು ಮಧ್ಯಾಹ್ನ ಮೂರರ ಹೊತ್ತಿಗೆ. ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಲೀಟರಿಗೆ 12 ಮಿ.ಗ್ರಾಂ ಇದ್ದದ್ದು ನಸುಕಿನಲ್ಲಿ 2ಕ್ಕೆ ಇಳಿಯಬಹುದು. ಒಳ್ಳೆಯ ಕೆರೆಯಲ್ಲಿ ಈ ಏರಿಳಿತ ಚಿಕ್ಕದು.

ಆದ್ದರಿಂದ ತಿಂಗಳಿಗೊಮ್ಮೆಯಾದರೂ ಒಂದೇ ದಿನ ಎರಡು ಸಲ ಅಳೆಯಿರಿ, ನಸುಕಿನಲ್ಲಿ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ. ಎರಡರ ನಡುವಿನ ಅಂತರವೇ ನಿಮ್ಮ ಕೆರೆಗೆ ಎಷ್ಟು ಕೊಳಚೆ ಸೇರುತ್ತಿದೆ ಎಂಬುದರ ಒಳ್ಳೆಯ ಸುಳಿವು. ನನ್ನ ಕೇಳಿದರೆ, ಹತ್ತು ಬಗೆಯ ದುಬಾರಿ ಪರೀಕ್ಷೆಗಳಿಗಿಂತ ಈ ಎರಡು ಅಂಕಿ ಹೆಚ್ಚು ಹೇಳುತ್ತವೆ.

ಬೇಸಿಗೆಯಲ್ಲಿ ಮೊದಲ ಜೋರು ಮಳೆ ಬಿದ್ದ ಮರುದಿನ ನಸುಕು, ಮೂರು ದಿನ ಮೋಡ ಕವಿದ ಮೇಲಿನ ನಸುಕು, ಇವೆರಡನ್ನೂ ತಪ್ಪಿಸಬೇಡಿ. ಮಳೆನೀರು ಚರಂಡಿಗಳನ್ನೆಲ್ಲ ತೊಳೆದು ತಂದು ಕೆರೆಗೆ ಸುರಿಯುತ್ತದೆ, ತಳದ ಹೂಳು ಕದಡುತ್ತದೆ. ಬಿಸಿಲಿಲ್ಲದೆ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ. ಮೀನು ಸಾಯುವುದು ಹೆಚ್ಚಾಗಿ ಇಂಥ ದಿನಗಳಲ್ಲೇ.

ಹೆಜ್ಜೆ 4: ಆಮ್ಲಜನಕ ಅಳೆಯುವುದು

ಮೀಟರ್ ಇದ್ದರೆ ಸುಲಭ. ಆದರೆ ಹನಿ ಕಿಟ್ ಅಗ್ಗ, ನಂಬಿಕಸ್ಥ, ಮತ್ತು ಕಣ್ಣೆದುರೇ ನಡೆಯುತ್ತದೆ. ಇದು ವಿಂಕ್ಲರ್ ವಿಧಾನ.

ಬಾಟಲಿಯನ್ನು ನೀರಿನೊಳಗೆ ಒಂದಡಿ ಆಳದಲ್ಲಿ ಓರೆಯಾಗಿ ಹಿಡಿದು ನಿಧಾನವಾಗಿ ತುಂಬಿಸಿ, ನೀರಿನೊಳಗೇ ಮುಚ್ಚಳ ಹಾಕಿ. ಮೇಲೆ ತೆಗೆದು ತಲೆಕೆಳಗು ಮಾಡಿ ನೋಡಿ. ಒಂದು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಿಸಿ, ಯಾಕೆಂದರೆ ಆ ಗುಳ್ಳೆಯ ಗಾಳಿಯಲ್ಲೂ ಆಮ್ಲಜನಕವಿದೆ. ಈಗ ಕಿಟ್‌ನ ಮೊದಲ ಎರಡು ದ್ರಾವಣಗಳನ್ನು, ಅಂದರೆ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರ ಬೆರೆತ ಅಯೊಡೈಡ್, ಹೇಳಿದಷ್ಟು ಹನಿ ಹಾಕಿ ಮುಚ್ಚಿ. ಬಾಟಲಿಯನ್ನು ಮೆಲ್ಲಗೆ ಮೇಲೆಕೆಳಗೆ ಮಾಡಿ.

ಇಲ್ಲಿ ಸ್ವಲ್ಪ ನಿಂತು ನೋಡಿ. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಹಿಂಜಿದ ಹತ್ತಿಯಂತೆ ಹರಡಿ, ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಆಮ್ಲಜನಕವೇ ಇಲ್ಲದಿದ್ದರೆ ಗಸಿ ಬೆಳ್ಳಗೇ ಇರುತ್ತದೆ. ರಾಜಕಾಲುವೆಯ ನೀರಿನಲ್ಲಿ ಬೆಳ್ಳನೆಯ ಗಸಿ ಕಾಣುವುದು ಅಪರೂಪವೇನಲ್ಲ. ಯಾವ ಅಂಕಿಯೂ ಬೇಡ, ಆ ಬಿಳಿ ಬಾಟಲಿಯ ಒಂದು ಫೋಟೋ ಸಾಕು, ಗ್ರಾಮಸಭೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಗಸಿ ಇಳಿದ ಮೇಲೆ ಆಸಿಡ್ ಹನಿ ಹಾಕಿದರೆ ಅದು ಕರಗಿ ನೀರು ಹಳದಿಯಾಗುತ್ತದೆ. ಆಸಿಡ್ ಹಾಕುವಾಗ ಕನ್ನಡಕ, ಕೈಗವಸು ಕಡ್ಡಾಯ, ಮಕ್ಕಳ ಕೈಗೆ ಕೊಡಬೇಡಿ. ಇಲ್ಲಿಯವರೆಗಿನ ಕೆಲಸ ಕೆರೆಯ ದಡದಲ್ಲೇ ಮುಗಿಯಬೇಕು, ಉಳಿದದ್ದನ್ನು ಮನೆಗೆ ತಂದೂ ಮಾಡಬಹುದು. ಕೊನೆಗೆ ಥಯೊಸಲ್ಫೇಟನ್ನು ಹನಿಹನಿಯಾಗಿ ಹಾಕಿ. ಹಳದಿ ಮಸುಕಾದಾಗ ಎರಡು ಹನಿ ಸ್ಟಾರ್ಚ್ ಸೇರಿಸಿದರೆ ನೀಲಿ ಬಣ್ಣ ಬರುತ್ತದೆ. ಆ ನೀಲಿ ಪೂರ್ತಿ ಹೋಗುವವರೆಗೆ ಬಿದ್ದ ಹನಿಗಳನ್ನೆಲ್ಲ ಎಣಿಸಿ, ಕಿಟ್‌ನ ಚೀಟಿಯಲ್ಲಿ ಲೆಕ್ಕ ನೋಡಿಕೊಳ್ಳಿ.

ಅಂಕಿ ಎಷ್ಟಿದ್ದರೆ ಸರಿ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಸ್ನಾನಕ್ಕೆ ಯೋಗ್ಯವಾದ 'ಬಿ' ದರ್ಜೆಯ ನೀರಿನಲ್ಲಿ ಲೀಟರಿಗೆ 5 ಮಿ.ಗ್ರಾಂ ಅಥವಾ ಹೆಚ್ಚು ಇರಬೇಕು. ಮೀನು ಮತ್ತು ವನ್ಯಜೀವಿಗಳಿಗೆ ತಕ್ಕ 'ಡಿ' ದರ್ಜೆಗೆ ಕನಿಷ್ಠ 4. ನೀರು ಹಿಡಿದಿಡಬಲ್ಲ ಆಮ್ಲಜನಕ ಬಿಸಿ ಏರಿದಂತೆ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಸಿಹಿನೀರು ಸುಮಾರು 8.3 ಮಿ.ಗ್ರಾಂ ಹಿಡಿದರೆ, 30 ಡಿಗ್ರಿಯದು 7.6. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಇದರಲ್ಲೂ ಹತ್ತರಲ್ಲೊಂದು ಪಾಲು ಕಡಿಮೆ. ಮಧ್ಯಾಹ್ನ ಇದಕ್ಕಿಂತ ತುಂಬಾ ಜಾಸ್ತಿ ಬಂದರೆ ಖುಷಿಪಡಬೇಡಿ, ಪಾಚಿ ಮಿತಿಮೀರಿದೆ ಎಂದೇ ಅರ್ಥ.

ಹೆಜ್ಜೆ 5: ಉಳಿದ ಅಂಕಿಗಳು

ಪಿಎಚ್ 6.5ರಿಂದ 8.5ರ ಒಳಗಿರಬೇಕು. ಮಧ್ಯಾಹ್ನ 9 ದಾಟಿದರೆ ಅದೂ ಪಾಚಿಯ ಕೆಲಸವೇ. ಇದನ್ನು ಅಮೋನಿಯಾ ಜೊತೆ ಸೇರಿಸಿ ಓದಬೇಕು. ಕೊಳಚೆಯಿಂದ ಬರುವ ಅಮೋನಿಯಾ ಎಲ್ಲವೂ ಮೀನಿಗೆ ವಿಷವಲ್ಲ, ಅದರಲ್ಲಿ ಬಿಡಿ ರೂಪದಲ್ಲಿರುವ ಪಾಲು ಮಾತ್ರ ವಿಷ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಈ ಪಾಲು ನೂರಕ್ಕೆ ಒಂದೂ ಇಲ್ಲ. ಪಿಎಚ್ 8ಕ್ಕೆ ಸುಮಾರು ಐದು, 9ಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಕಿಟ್‌ನಲ್ಲಿ ಅಂಕಿ ಅದೇ ಇದ್ದರೂ ಬೆಳಿಗ್ಗೆ ಏನೂ ಆಗದ ನೀರು ಮಧ್ಯಾಹ್ನ ಮೀನಿಗೆ ವಿಷವಾಗುವುದು ಹೀಗೆ.

ಇಸಿ ಎಂದರೆ ನೀರಿನಲ್ಲಿ ಕರಗಿದ ಲವಣಗಳ ಅಂದಾಜು. ಒಂದೇ ಅಂಕಿಯಿಂದ ಏನೂ ತಿಳಿಯದು, ಆದರೆ ಕಾಲುವೆ ಸೇರುವಲ್ಲಿ ಅದು ಒಮ್ಮೆಲೇ ಏರಿದರೆ ಹೊಸದಾಗಿ ಯಾರೋ ಏನನ್ನೋ ಬಿಡುತ್ತಿದ್ದಾರೆ. ಆ ಕಾಲುವೆಯ ಗುಂಟ ಹಿಂದಕ್ಕೆ ಅಳೆಯುತ್ತಾ ಹೋಗಿ, ಎಲ್ಲಿ ಅಂಕಿ ಇಳಿಯುತ್ತದೋ ಅದಕ್ಕೆ ಸ್ವಲ್ಪ ಕೆಳಗೆ ಪೈಪು ಇರುತ್ತದೆ.

ಸೆಕ್ಕಿ ತಟ್ಟೆ ಅರ್ಧ ಮೀಟರಿಗೂ ಮುಂಚೆ ಮಾಯವಾದರೆ ಕೆರೆಗೆ ಗೊಬ್ಬರ ವಿಪರೀತ ಆಗಿದೆ ಎನ್ನುತ್ತಾರೆ. ನಮ್ಮ ಕೆರೆಗಳಲ್ಲಿ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಮಣ್ಣು ಕದಡಿದ ಕೆಂಪು ನೀರಿನಲ್ಲೂ ತಟ್ಟೆ ಬೇಗ ಮಾಯವಾಗುತ್ತದೆ. ಒಂದು ಗಾಜಿನ ಬಾಟಲಿಯಲ್ಲಿ ನೀರು ತುಂಬಿ ರಾತ್ರಿಯಿಡೀ ಅಲುಗಿಸದೆ ಇಡಿ. ಮಣ್ಣಾದರೆ ತಳದಲ್ಲಿ ಕೂರುತ್ತದೆ. ಪಾಚಿಯಾದರೆ ನೀರು ಹಸಿರಾಗಿಯೇ ಉಳಿಯುತ್ತದೆ, ಅಥವಾ ಮೇಲೆ ಕೆನೆಗಟ್ಟುತ್ತದೆ. ಆ ಹಸಿರು ಕೆನೆ ಕಂಡ ನೀರನ್ನು ದನ, ನಾಯಿ ಕುಡಿಯದಂತೆ ನೋಡಿಕೊಳ್ಳಿ. ಕೆಲವು ಜಾತಿಯ ನೀಲಿಹಸಿರು ಪಾಚಿ ವಿಷ ಬಿಡುತ್ತದೆ.

ಕೋಡಿಯಲ್ಲಿ ನೊರೆ ಎದ್ದರೆ ಅದನ್ನೂ ಬರೆದಿಡಿ. 2015ರಿಂದೀಚೆಗೆ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಎಲ್ಲರೂ ನೋಡಿದ್ದೇವೆ. ಸೋಪು, ಡಿಟರ್ಜೆಂಟ್ ಬೆರೆತ ಕೊಳಚೆ ಎತ್ತರದಿಂದ ಧುಮುಕುವಾಗ ಹೀಗಾಗುತ್ತದೆ.

ಹೆಜ್ಜೆ 6: ನೀರಿನಲ್ಲಿರುವವರನ್ನು ಕೇಳಿ

ಅಂಕಿಗಳು ಆ ಕ್ಷಣದ ಮಾತು. ಹುಳುಗಳು ತಿಂಗಳುಗಟ್ಟಲೆ ಅಲ್ಲೇ ಬದುಕಿರುತ್ತವೆ, ಆದ್ದರಿಂದ ಅವು ಹಳೆಯ ಸಂಗತಿಯನ್ನೂ ಹೇಳುತ್ತವೆ. ಅಂಚಿನ ಗಿಡಗಳ ಬುಡದಲ್ಲಿ ಮೂರು ನಿಮಿಷ ಜಾಲರಿ ಆಡಿಸಿ, ಸಿಕ್ಕಿದ್ದನ್ನು ನೀರು ಹಾಕಿದ ಬಿಳಿ ಟ್ರೇಗೆ ಸುರಿಯಿರಿ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಒಂದೊಂದಾಗಿ ಓಡಾಡಲು ಶುರುಮಾಡುತ್ತವೆ.

ಏರೋಪ್ಲೇನ್ ಚಿಟ್ಟೆಯ ಮರಿಗಳು, ನೀರುತಿಗಣೆಗಳು, ಬೇರೆಬೇರೆ ಬಗೆಯ ಬಸವನಹುಳು ಇದ್ದರೆ ಕೆರೆ ಪರವಾಗಿಲ್ಲ. ಬರೀ ಕೆಂಪು ದಾರದಂಥ ಹುಳುಗಳೇ ತುಂಬಿದ್ದರೆ ತಳದಲ್ಲಿ ಆಮ್ಲಜನಕವಿಲ್ಲ. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್ ಇರುವುದರಿಂದ ಉಸಿರು ಸಿಗದ ಕೆಸರಿನಲ್ಲೂ ಬದುಕುತ್ತವೆ. ಮಲೆನಾಡಿನ ಹಳ್ಳಗಳಲ್ಲಾದರೆ ಕಲ್ಲು ಮಗುಚಿ ನೋಡಿ. ಮರಳಿನ ಕಣ, ಎಲೆಚೂರು ಅಂಟಿಸಿಕೊಂಡು ಗೂಡು ಕಟ್ಟಿಕೊಂಡ ಹುಳು, ಮೂರು ಎಳೆ ಬಾಲದ ಚಪ್ಪಟೆ ಹುಳು ಸಿಕ್ಕರೆ ಆ ನೀರು ಚೆನ್ನಾಗಿದೆ. ಕೊಳಚೆ ಬಿದ್ದರೆ ಮೊದಲು ಮಾಯವಾಗುವುದು ಇವೇ.

ಮೀನು ಮತ್ತು ಹಕ್ಕಿಯ ವಿಷಯದಲ್ಲಿ ಅವಸರ ಬೇಡ. ಕೆರೆಯಲ್ಲಿ ಮೀನಿದೆ ಎಂದಮಾತ್ರಕ್ಕೆ ಚೆನ್ನಾಗಿದೆ ಎನ್ನಲಾಗದು. ಆಫ್ರಿಕನ್ ಕ್ಯಾಟ್‌ಫಿಶ್ ಮೇಲಿನ ಗಾಳಿಯನ್ನೇ ಉಸಿರಾಡಿಕೊಂಡು ಕೊಳಚೆಯಲ್ಲೂ ಕೊಬ್ಬುತ್ತದೆ, ಜಿಲೇಬಿ ಮೀನೂ ಸಾಕಷ್ಟು ತಡೆದುಕೊಳ್ಳುತ್ತದೆ. ಕಾಟ್ಲಾ, ರೋಹು ಹಾಗಲ್ಲ. ಮೆಟ್ಟುಗಾಲು ಹಕ್ಕಿಗಳು ಹಿಂಡು ಹಿಂಡಾಗಿ ಬಂದವೆಂದು ಸಂಭ್ರಮಪಡುವ ಮುಂಚೆ ನೀರನ್ನೊಮ್ಮೆ ನೋಡಿ, ಕೊಳಚೆಯ ಕೆಸರಿನ ಹುಳು ಅವಕ್ಕೆ ಪ್ರಿಯ. ಮುಳುಗಿ ಮೀನು ಹಿಡಿಯುವ ಮಿಂಚುಳ್ಳಿ, ನೀರುಕಾಗೆಗಳಿಗೆ ಮಾತ್ರ ಕಣ್ಣಿಗೆ ಕಾಣುವಷ್ಟು ತಿಳಿನೀರು ಬೇಕು.

ಹೆಜ್ಜೆ 7: ಅಳಿವೆಯಲ್ಲಿ ತಿಥಿ ನೋಡಿ ಹೊರಡಿ

ಶಿರಸಿಯ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟಿಲ್ಲದೆ ಹರಿದು ಬರುವ ಅಘನಾಶಿನಿ, ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಅದರ ಅಳಿವೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು. ಬೆಳಚು ಎಂಬ ಚಿಪ್ಪುಜೀವಿ, ಏಡಿ, ಸಿಗಡಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಅಳಿವೆಯಂಚಿನ ಗಜನಿ ಗದ್ದೆಯಲ್ಲಿ ಉಪ್ಪು ತಡೆದು ಬೆಳೆಯುವ ಕಗ್ಗ ಭತ್ತ, ಎಲ್ಲವೂ ಸಿಹಿನೀರು ಮತ್ತು ಉಪ್ಪುನೀರಿನ ಹದದ ಮೇಲೆ ನಿಂತಿವೆ. ಇಲ್ಲಿ ಕೆರೆಯ ನಿಯಮಗಳು ಸಾಲುವುದಿಲ್ಲ.

ಒಂದೇ ಕಡೆ ನಿಂತರೂ ಬೆಳಿಗ್ಗೆ ಸಿಕ್ಕ ನೀರು ಬೇರೆ, ಆರು ಗಂಟೆ ಬಿಟ್ಟು ಸಿಗುವ ನೀರು ಬೇರೆ. ಭರತದಲ್ಲಿ, ಅಂದರೆ ಸಮುದ್ರದ ನೀರು ಏರಿದಾಗ, ಸಮುದ್ರವನ್ನು ಅಳೆಯುತ್ತೀರಿ, ಇಳಿತದಲ್ಲಿ ನದಿಯನ್ನು ಅಳೆಯುತ್ತೀರಿ. ಊರಿನ ಕೊಳಚೆ, ಸಿಗಡಿ ಹೊಂಡದ ನೀರು ಚೆನ್ನಾಗಿ ಕಾಣುವುದು ಇಳಿತದ ಕೊನೆಗೆ, ಹಾಗಾಗಿ ಅದನ್ನೇ ಆರಿಸಿ. ತೊಡಕೊಂದಿದೆ. ಭರತ, ಇಳಿತ ದಿನಕ್ಕೆ ಎರಡೆರಡು ಸಲ ಬಂದರೂ ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತವೆ. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಹೋದರೆ ಒಂದು ವಾರ ಇಳಿತ, ಇನ್ನೊಂದು ವಾರ ಭರತ ಸಿಗುತ್ತದೆ. ಆ ಅಂಕಿಗಳನ್ನು ಹೋಲಿಸಲಾಗದು.

ಇದಕ್ಕೆ ಉಪಾಯ ಪಂಚಾಂಗದಲ್ಲಿದೆ. ನೀರಿನ ಏರಿಳಿತ ಚಂದ್ರನ ಲೆಕ್ಕ, ತಿಥಿಯೂ ಚಂದ್ರನ ಲೆಕ್ಕ. ಒಂದು ಊರಿನಲ್ಲಿ ಅದೇ ತಿಥಿಗೆ ಇಳಿತವೂ ಹೆಚ್ಚುಕಮ್ಮಿ ಅದೇ ಗಂಟೆಗೆ ಬರುತ್ತದೆ. ಸಮುದ್ರದ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಇನ್‌ಕಾಯ್ಸ್ ಸಂಸ್ಥೆಯ ಭರತ ಇಳಿತದ ಪಟ್ಟಿಯನ್ನು ಪಂಚಾಂಗದ ಪಕ್ಕ ಇಟ್ಟುಕೊಂಡು, ನಿಮ್ಮ ಕಡೆ ಯಾವ ತಿಥಿಯಂದು ನಸುಕಿನಲ್ಲಿ ಇಳಿತ ಎಂದು ಹುಡುಕಿ. ಹದಿನೈದು ದಿನಕ್ಕೊಮ್ಮೆ ಅದೇ ತಿಥಿಗೆ ಹೋಗಿ. ನಸುಕು ಮತ್ತು ಇಳಿತ ಎರಡೂ ಒಟ್ಟಿಗೆ ಸಿಗುತ್ತವೆ. ದೋಣಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರನ್ನೇ ಕೇಳಿದರೂ ಆಯಿತು.

ಉಪ್ಪು ಅಳೆಯಲು ಟಿಡಿಎಸ್ ಪೆನ್ ಬೇಡ, ಅಳಿವೆಯ ನೀರಿಗೆ ಅದರ ಅಳತೆಯೇ ಮುಗಿದುಹೋಗುತ್ತದೆ. ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಮೊದಲು ಡಿಸ್ಟಿಲ್ಡ್ ವಾಟರ್ ಹನಿ ಇಟ್ಟು ಸೊನ್ನೆಗೆ ತನ್ನಿ, ಒರೆಸಿ, ಆಮೇಲೆ ಅಳಿವೆಯ ನೀರಿನ ಒಂದು ಹನಿ ಇಟ್ಟು ಬೆಳಕಿನತ್ತ ಹಿಡಿದು ಓದಿ. ತೆರೆದ ಸಮುದ್ರದ ನೀರು ಸಾವಿರಕ್ಕೆ ಸುಮಾರು 35. ಮಳೆಗಾಲದಲ್ಲಿ ಅಳಿವೆಯ ಬಾಯಲ್ಲೂ ಇದು ತುಂಬಾ ಕೆಳಗಿಳಿಯುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ಹಾಗಾಗಿ ಈ ಜೂನ್ ಅನ್ನು ಹೋಲಿಸಬೇಕಾದ್ದು ಹೋದ ಜೂನ್ ಜೊತೆ, ಈ ಮೇ ಜೊತೆ ಅಲ್ಲ. ಸಿಹಿನೀರು ಹಗುರ, ಉಪ್ಪುನೀರು ಭಾರ. ಮೇಲೊಂದು, ತಳದಲ್ಲೊಂದು ಹನಿ ನೋಡಿ. ತಳದ ನೀರಿಗೆ ಭಾರ ಕಟ್ಟಿದ ಬಾಟಲಿಗೆ ಬಿರಡೆ ಹಾಕಿ ಇಳಿಸಿ, ಬಿರಡೆಗೆ ಕಟ್ಟಿದ ಇನ್ನೊಂದು ದಾರವನ್ನು ಎಳೆದರಾಯಿತು. ಹೀಗೆ ತೆಗೆದ ನೀರಿನಲ್ಲಿ ಗುಳ್ಳೆ ಬೆರೆಯುವುದರಿಂದ ಆಮ್ಲಜನಕ ಅಳೆಯಬೇಡಿ.

ಡಿಒ ಮೀಟರ್ ಬಳಸುವವರು ಮೊದಲು ಅದರಲ್ಲಿ ಉಪ್ಪಿನ ಅಂಕಿ ಹಾಕಲೇಬೇಕು. 30 ಡಿಗ್ರಿಯ ಸಮುದ್ರದ ನೀರು ಹಿಡಿಯಬಲ್ಲದ್ದು ಸುಮಾರು 6.2 ಮಿ.ಗ್ರಾಂ ಮಾತ್ರ. ಉಪ್ಪು ಸೊನ್ನೆ ಎಂದೇ ಬಿಟ್ಟರೆ ಮೀಟರ್ 7.6 ತೋರಿಸಿ ಸುಳ್ಳು ಸಮಾಧಾನ ಕೊಡುತ್ತದೆ. ಚಿಪ್ಪುಜೀವಿಗಳಿರುವ ಕರಾವಳಿ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಕನಿಷ್ಠ 5 ಮಿ.ಗ್ರಾಂ. ಇನ್ನೊಂದು ಮಾತು, ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಕೊನೆಯ ಹೊತ್ತಿಗೆ ಆಳದ ಕಡಿಮೆ ಆಮ್ಲಜನಕದ ನೀರು ತಾನಾಗಿಯೇ ದಡದತ್ತ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಳಿವೆಯ ಬಾಯಲ್ಲಿ ತಳದ ಅಂಕಿ ಇಳಿದರೆ ತಕ್ಷಣ ಕಾರ್ಖಾನೆಯನ್ನು ದೂರಬೇಡಿ.

ಅಳಿವೆಯಲ್ಲಿ ನನಗೆ ಅತಿ ನಂಬಿಕೆಯ ಸಾಕ್ಷಿ ಬೆಳಚು. ಮಂಗಳೂರಿನ ಕಡೆ ಮರುವಾಯಿ ಅನ್ನುತ್ತಾರಲ್ಲ, ಅದೇ ಬಳಗ. ಅದು ನೀರನ್ನು ಸೋಸಿ ತಿನ್ನುತ್ತದೆ, ನೀರಿನಲ್ಲಿರುವುದೆಲ್ಲ ಅದರ ಮೈ ಸೇರುತ್ತದೆ. ಪಿವಿಸಿ ಪೈಪಿನಲ್ಲಿ ಅರ್ಧ ಮೀಟರ್ ಚೌಕ ಮಾಡಿಕೊಳ್ಳಿ. ಇಳಿತದಲ್ಲಿ ಅದನ್ನು ಮರಳುದಿಬ್ಬದ ಮೇಲಿಟ್ಟು ಗೇಣುದ್ದ ಅಗೆದು, ಜಾಲರಿಯಲ್ಲಿ ತೊಳೆದು ಎಣಿಸಿ. ಜೀವಂತ ಎಷ್ಟು, ಬಾಯಿಬಿಟ್ಟ ಖಾಲಿ ಜೋಡಿಚಿಪ್ಪು ಎಷ್ಟು, ಅದರಲ್ಲಿ ಉಗುರಿಗಿಂತ ಸಣ್ಣ ಮರಿ ಎಷ್ಟು ಎಂದು ಬರೆದು, ಎಲ್ಲವನ್ನೂ ವಾಪಸ್ ಮರಳಿಗೆ ಬಿಡಿ. ದೊಡ್ಡವು ಬೇಕಾದಷ್ಟಿದ್ದು ಮರಿಯೇ ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಬೆಳಚಿಲ್ಲ. ಬೆಳಚು ಆರಿಸುವ ಹೆಂಗಸರನ್ನು ಮಾತಾಡಿಸಿ: "ಅಕ್ಕಾ, ಒಂದು ಇಳಿತಕ್ಕೆ ಈಗ ಎಷ್ಟು ಬುಟ್ಟಿ ಆಗ್ತದೆ?" ಅವರ ಉತ್ತರವನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ ಅದೂ ಒಂದು ಅಳತೆ, ಯಾವ ಉಪಕರಣಕ್ಕೂ ಕಡಿಮೆಯದ್ದಲ್ಲ.

ಕಾಂಡ್ಲಾ ಬುಡದ ಕಪ್ಪು ಕೆಸರು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಗಾಬರಿ ಬೇಡ, ಅದರ ಸಹಜ ಗುಣವೇ ಅದು. ಎಲೆ ಹಳದಿಯಾಗಿ ಉದುರುತ್ತಿವೆಯೇ, ಹೊಸ ಸಸಿ ಏಳುತ್ತಿವೆಯೇ ಎಂದು ನೋಡಿ. ಸಮುದ್ರ ಹಗಲು ಹಸಿರಾಗಿ, ರಾತ್ರಿ ಅಲೆ ನೀಲಿಯಾಗಿ ಹೊಳೆದರೆ ಅದು ನಾಕ್ಟಿಲುಕಾ ಎಂಬ ಸೂಕ್ಷ್ಮಜೀವಿ ಉಕ್ಕಿದ್ದು. ದಿನಾಂಕ, ಜಾಗ, ಬಣ್ಣ ಬರೆದಿಡಿ. ನೀರು ಬಣ್ಣ ತಿರುಗಿದ ದಿನಗಳಲ್ಲಿ ಚಿಪ್ಪುಜೀವಿ ತಿನ್ನಬೇಡಿ. ಕೆಲವು ಪಾಚಿಗಳ ವಿಷ ಕುದಿಸಿದರೂ ಹೋಗುವುದಿಲ್ಲ.

ಹೆಜ್ಜೆ 8: ಲ್ಯಾಬಿಗೆ ಬಿಡಬೇಕಾದದ್ದು

ಬಿಒಡಿ (ಕೊಳಚೆ ಕೊಳೆಯುವಾಗ ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕದ ಲೆಕ್ಕ), ಕೋಲಿಫಾರ್ಮ್ (ಮಲದ ಸೋಂಕು ತೋರಿಸುವ ಬ್ಯಾಕ್ಟೀರಿಯಾ), ಲೋಹಗಳು ನಮ್ಮ ಕೈಲಾಗುವ ಕೆಲಸವಲ್ಲ. ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲೊಮ್ಮೆ ಮಳೆಗಾಲ ಮುಗಿದ ಮೇಲೊಮ್ಮೆ, ಮಾನ್ಯತೆ ಪಡೆದ ಲ್ಯಾಬಿಗೆ ಕೊಟ್ಟರೆ ಸಾಕು. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಲ್ಯಾಬಿನಿಂದಲೇ ತನ್ನಿ, ಅದನ್ನು ತೊಳೆಯಬೇಡಿ. ತುಂಬಿದ ಬಾಟಲಿ ಐಸ್ ಡಬ್ಬಿಯಲ್ಲಿ ಅದೇ ದಿನ ತಲುಪಬೇಕು. ಕಪ್ಪಾದರೆ ಮಲದ ಸೋಂಕು ಎಂದು ಹೇಳುವ ಎಚ್2ಎಸ್ ಬಾಟಲಿ ಕುಡಿಯುವ ನೀರಿಗಾಗಿ ಮಾಡಿದ್ದು. ಕೆರೆಯ ನೀರಿಗೆ ಅದು ಹೆಚ್ಚುಕಮ್ಮಿ ಯಾವಾಗಲೂ ಕಪ್ಪಾಗುತ್ತದೆ. ಅದನ್ನು ಕೆರೆ ಪಕ್ಕದ ಬಾವಿ, ಬೋರ್‌ವೆಲ್‌ಗಳಿಗೆ ಬಳಸಿ, ಅಲ್ಲಿ ನಿಜಕ್ಕೂ ಉಪಯೋಗವಿದೆ.

ಒಬ್ಬರೇ ನೀರಿಗೆ ಇಳಿಯಬೇಡಿ. ಕಾಲಿನಲ್ಲಿ ಗಾಯವಿದ್ದರೆ ದಡದಲ್ಲೇ ಇರಿ, ಇಲಿಜ್ವರ ಬರುವುದು ಇಂಥ ನೀರಿನಿಂದಲೇ. ದೋಣಿ ಹತ್ತಿದರೆ ಲೈಫ್ ಜಾಕೆಟ್ ಹಾಕಲೇಬೇಕು.

ಹೆಜ್ಜೆ 9: ಮೀನು ಸತ್ತ ದಿನ ಏನು ಮಾಡಬೇಕು

ಸುದ್ದಿ ತಿಳಿದ ಕೂಡಲೇ ಹೋಗಿ, ಬಿಸಿಲೇರುವ ಮುಂಚೆ ತಲುಪಿದರೆ ಇನ್ನೂ ಒಳ್ಳೆಯದು. ಮೀನು ಇನ್ನೂ ಮೇಲೆ ಬಂದು ಬಾಯಿ ಆಡಿಸುತ್ತಿರುವಲ್ಲಿ ಮೊದಲು ಆಮ್ಲಜನಕ, ಆಮೇಲೆ ಪಿಎಚ್, ಅಮೋನಿಯಾ, ಇಸಿ ಅಳೆಯಿರಿ. ಸತ್ತವುಗಳ ಗಾತ್ರ ನೋಡಿ. ಉಸಿರುಗಟ್ಟಿದಾಗ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತವೆ, ಸಣ್ಣವು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತವೆ. ಸಣ್ಣದು ದೊಡ್ಡದೆನ್ನದೆ ಏಡಿ, ಹುಳುಗಳೂ ಸೇರಿ ಸತ್ತಿದ್ದರೆ, ಅದೂ ಹಗಲಿನಲ್ಲಿ, ವಿಷದ ಅನುಮಾನ ಬಲವಾಗುತ್ತದೆ. ಆಗಷ್ಟೇ ಸತ್ತ ಒಂದೆರಡನ್ನು ಐಸ್‌ನಲ್ಲಿಟ್ಟು ಮೀನುಗಾರಿಕೆ ಇಲಾಖೆಗೆ ಕೊಡಿ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಅದೇ ದಿನ ಬರೆದು ತಿಳಿಸಿ. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ, ಕಾನೂನು ಕ್ರಮಕ್ಕೆ ಬೇಕಾದ ಮಾದರಿಯನ್ನು ಮಂಡಳಿಯ ಅಧಿಕಾರಿಗಳೇ ವಿಧಿಪ್ರಕಾರ ತೆಗೆಯಬೇಕು. ನಿಮ್ಮ ಬಾಟಲಿ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಆದರೆ ಅವರು ಎಲ್ಲಿಂದ, ಎಷ್ಟು ಹೊತ್ತಿಗೆ ನೀರು ತೆಗೆಯಬೇಕು ಎಂಬುದನ್ನು ನೀವು ಅಂಕಿ ಬರೆದಿಟ್ಟ ಪುಸ್ತಕವೇ ಹೇಳಬಲ್ಲದು. "ಕೆರೆ ಕೆಟ್ಟಿದೆ" ಎಂದಷ್ಟೇ ಬರೆದ ಅರ್ಜಿಗೂ, "ಪೂರ್ವದ ಕಾಲುವೆ ಸೇರುವಲ್ಲಿ ನಸುಕಿನ ಆಮ್ಲಜನಕ ಜನವರಿಯಿಂದ ಇಳಿಯುತ್ತಾ ಬಂದಿದೆ, ದಯವಿಟ್ಟು ಅಲ್ಲೇ, ಬೆಳಿಗ್ಗೆ ಆರರ ಒಳಗೆ ಮಾದರಿ ತೆಗೆಯಿರಿ" ಎಂಬ ಅರ್ಜಿಗೂ ಸಿಗುವ ಉತ್ತರ ಬೇರೆಬೇರೆ. ಅದರ ಜೊತೆ ಎಲ್ಲ ತಿಂಗಳ ಅಂಕಿಗಳ ಒಂದು ಪುಟ, ಜಾಗದ ನಕ್ಷೆ, ಫೋಟೋ ಲಗತ್ತಿಸಿ. ಪಂಚಾಯಿತಿಗೋ ನಗರಪಾಲಿಕೆಗೋ ಒಂದು ನಕಲು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.